ಮಾಳಿಗೆಯ ಪುಂಡಿ ಗಿಡಕ್ಕೊಂದು ಆಸರೆ

ಮಾನ್ಯ ಸಂಪಾದಕರೇ,

ಮಳೆಗಾಲ ಕಾಲಿಡುವ ಮೊದಲೇ ಮುಂಬಯಿಯ ವಸತಿ ಸೊಸೈಟಿಗಳು ತಾರಸಿ ಹಾಗೂ ಬಾಲ್ಕನಿಗಳಲ್ಲಿರುವ ಎತ್ತರದ ಕುಂಡದ ಗಿಡಗಳನ್ನೆಲ್ಲ ಕಡ್ಡಾಯವಾಗಿ ತೆಗೆಸಬೇಕೆಂದು ಓದುಗರೊಬ್ಬರು ಬರೆದ ಪತ್ರವನ್ನು ಕಳೆದ ವಾರ ತಮ್ಮ ವಾಚಕರ ಅಂಕಣದಲ್ಲಿ ಓದಿದೆ. ಅವರ ಅಂಜಿಕೆ ಸುಳ್ಳಲ್ಲ. 2024ರ ಮೇ 13ರಂದು ಘಾಟ್‌ಕೋಪರದಲ್ಲಿ ದೈತ್ಯ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಪ್ರಾಣ ಕಳೆದುಕೊಂಡ ಮೇಲೆ, ಗಾಳಿ ಬೀಸಿತೆಂದರೆ ಒಮ್ಮೆ ತಲೆಯೆತ್ತಿ ನೋಡುವ ರೂಢಿ ಈ ಊರಿನವರಿಗೆಲ್ಲ ಬಂದಿದೆ. ಏಳನೆಯ ಮಹಡಿಯಿಂದ ಬಿದ್ದರೆ ಸಣ್ಣ ತುಳಸಿ ಕುಂಡವೂ ಕೆಳಗೆ ನಡೆಯುವವರ ಜೀವಕ್ಕೆ ಎರವಾಗಬಲ್ಲದು. ಪ್ಯಾರಾಪೆಟ್ ಗೋಡೆಯ ನೆತ್ತಿಯ ಮೇಲೆ, ಕಿಟಕಿಯ ಗ್ರಿಲ್ಲಿನ ಹೊರಮೈಗೆ, ಎಸಿ ಯಂತ್ರದ ಮೇಲೆ ಯಾವ ಕುಂಡವನ್ನೂ ಇಡಕೂಡದು ಎಂಬ ವಿಷಯದಲ್ಲಿ ನನಗೂ ಆ ಮಹನೀಯರಿಗೂ ಭೇದವಿಲ್ಲ. ಆದರೆ ತಾರಸಿಯ ನೆಲದ ಮೇಲೆ, ಗೋಡೆಯ ಒಳಬದಿಯಲ್ಲಿ ನಿಂತಿರುವ ಗಿಡವನ್ನು ಅದು ಎತ್ತರವಾಗಿದೆ ಎಂಬ ಒಂದೇ ಕಾರಣಕ್ಕೆ ಕಿತ್ತುಹಾಕಬೇಕೆನ್ನುವುದು ಹೇಗೆ ಸರಿಯೆಂಬುದು ನನಗೆ ಅರ್ಥವಾಗಿಲ್ಲ.

ಇದನ್ನು ಬರೆಯಲು ನನಗೆ ಸ್ವಂತ ಕಾರಣವೂ ಇದೆ. ಕಲಬುರಗಿ ಜಿಲ್ಲೆಯಿಂದ ಬಂದು ಮುಲುಂಡಿನಲ್ಲಿ ನೆಲೆಸಿದ ನಾನು ಕಟ್ಟಡ ನಕ್ಷೆ ಬಿಡಿಸುವ ಕೆಲಸದಿಂದ ನಿವೃತ್ತನಾದವನು. ನಮ್ಮ ಸೊಸೈಟಿಯ ತಾರಸಿಯ ಒಂದು ಮೂಲೆಯಲ್ಲಿ, ಸಮಿತಿಯ ಒಪ್ಪಿಗೆ ಪಡೆದೇ, ಹನ್ನೆರಡು ಅಂಗುಲದ ಕೆಲವು ಕುಂಡಗಳಲ್ಲಿ ಪುಂಡಿ, ಟೊಮ್ಯಾಟೊ, ಬದನೆ ಬೆಳೆಸುತ್ತಿದ್ದೇನೆ. ಪುಂಡಿಯ ಬೀಜ ನಮ್ಮ ಅವ್ವ ಊರಿನಿಂದ ಕಳಿಸಿದ್ದು. ದಾದರಿನ ಮಾರುಕಟ್ಟೆಯಲ್ಲಿ ಇದೇ ಸೊಪ್ಪು ಅಂಬಾಡಿ ಎಂಬ ಹೆಸರಿನಲ್ಲಿ ಸಿಗುತ್ತದೆ ನಿಜ. ಆದರೆ ಬೇಕೆನಿಸಿದಾಗ ಎರಡು ಸೂಡು ಕುಡಿ ಚಿವುಟಿ ತಂದು, ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪಲ್ಯವನ್ನು ರೊಟ್ಟಿಯೊಡನೆ ಉಣ್ಣುವ ಸುಖವನ್ನು ಪೇಟೆಯ ಸೊಪ್ಪು ಕೊಡಲಾರದು. ಬೀಜಕ್ಕೆಂದು ಎರಡು ಗಿಡಗಳನ್ನು ಚಿವುಟದೆ ಬಿಡುತ್ತೇನೆ. ಜೂನ್‌ನಲ್ಲಿ ಊರಿದ ಪುಂಡಿ ಹಗಲು ಕಿರಿದಾಗುತ್ತ ಬಂದಾಗ ಮಾತ್ರ ಹೂಬಿಡುವುದರಿಂದ, ಅಕ್ಟೋಬರಿನ ಹೊತ್ತಿಗೆ ಆ ಎರಡು ಗಿಡಗಳು ಆಳೆತ್ತರವನ್ನೂ ಮೀರಿರುತ್ತವೆ.

ಕಳೆದ ವರ್ಷ ಆ ಗಿಡಗಳ ಚಿತ್ರವೊಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಕಾಣಿಸಿಕೊಂಡಿತು. ಅದರ ಕೆಳಗೆ, ತಾರಸಿಯಲ್ಲಿ ಗಾಂಜಾ ಬೆಳೆಯುತ್ತಿರುವವರು ಯಾರು ಎಂಬ ಪ್ರಶ್ನೆ. ನನ್ನ ಹೆಂಡತಿ ಒಂದು ಬಟ್ಟಲು ಪುಂಡಿಪಲ್ಯವನ್ನು ಅದೇ ನೆರೆಮನೆಗೆ ಕೊಟ್ಟುಬಂದ ಮೇಲೆ ಆ ಪ್ರಶ್ನೆಯೇನೋ ತಣ್ಣಗಾಯಿತು. ಆದರೆ ಸಂದೇಹ ಹೋದ ಜಾಗದಲ್ಲಿ ಹೊಸ ಸುತ್ತೋಲೆಯೊಂದು ಬಂತು: ಮೇ 31ರ ನಂತರ ಮೂರು ಅಡಿಗಿಂತ ಎತ್ತರದ ಯಾವ ಗಿಡವೂ ತಾರಸಿಯಲ್ಲಿ ಇರತಕ್ಕದ್ದಲ್ಲ. ತಮ್ಮ ಓದುಗರು ಇಡೀ ನಗರಕ್ಕೆ ಬಯಸುತ್ತಿರುವುದೂ ಹೆಚ್ಚುಕಡಿಮೆ ಇದೇ ನಿಯಮವನ್ನು.

ಗಾಂಜಾದ ಮಾತು ಬಂದುದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಪುಂಡಿಯ ಎಲೆ ಗಾಂಜಾದ ಎಲೆಯನ್ನು ಹೋಲುತ್ತದೆಂಬುದು ನಮ್ಮ ನೆರೆಯವರೊಬ್ಬರಿಗೇ ಹೊಳೆದ ಸಂಗತಿಯಲ್ಲ. ಹದಿನೆಂಟನೆಯ ಶತಮಾನದಲ್ಲಿ ಗಿಡಗಳಿಗೆ ಲ್ಯಾಟಿನ್ ಹೆಸರಿಟ್ಟ ಲಿನೇಯಸ್‌ನೇ ಇದನ್ನು ಹೈಬಿಸ್ಕಸ್ ಕ್ಯಾನಬಿನಸ್, ಅಂದರೆ ಗಾಂಜಾದಂತಿರುವ ದಾಸವಾಳ, ಎಂದು ಕರೆದ. ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊಂದಲ ಉಳಿಯುವುದಿಲ್ಲ. ಗಾಂಜಾದಲ್ಲಿ ಒಂದೇ ತೊಟ್ಟಿನ ತುದಿಯಿಂದ ಬಿಡಿಬಿಡಿಯಾದ ಕಿರುಎಲೆಗಳು ಹೊರಡುತ್ತವೆ. ಪುಂಡಿಯಲ್ಲಿ ಅದು ಆಳವಾಗಿ ಸೀಳಿದ ಒಂದೇ ಎಲೆ, ಬುಡದ ಎಲೆಗಳಿಗಂತೂ ಎಷ್ಟೋ ಸಲ ಸೀಳೇ ಇರುವುದಿಲ್ಲ. ನಾಲಗೆಗಿಟ್ಟರೆ ಹುಳಿ. ಹೂವು ನಸುಹಳದಿ, ನಡುವೆ ಕಡುಗೆಂಪು ಕಣ್ಣು. ದಾಸವಾಳದ ಮನೆತನದ್ದೆಂದು ಮಕ್ಕಳೂ ಹೇಳಿಯಾರು. ಗಾಂಜಾ ಗಿಡವನ್ನು ಬೆಳೆಸುವುದು ಮಾದಕ ವಸ್ತುಗಳ 1985ರ ಕಾಯಿದೆಯ ಪ್ರಕಾರ ಹತ್ತು ವರ್ಷಗಳವರೆಗಿನ ಕಠಿಣ ಸಜೆ ಹಾಗೂ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಮಾಡುವ ಅಪರಾಧ. ಒಂದೇ ಕುಂಡದಲ್ಲಿ ಬೆಳೆದರೂ ಅಪರಾಧವೇ. ಆ ಕಾನೂನಿನ ತಕರಾರು ಈ ಪತ್ರದ ವಿಷಯವಲ್ಲ.

ಆದರೂ ಒಂದು ವಿಚಿತ್ರವನ್ನು ಹೇಳದಿರಲಾರೆ. ನನ್ನ ಅಕ್ಕನ ಮಗ ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿದ್ದಾನೆ. ಅಲ್ಲಿ 2018ರ ಅಕ್ಟೋಬರ್ 17ರಿಂದ ಮನೆಯೊಂದಕ್ಕೆ ನಾಲ್ಕು ಗಾಂಜಾ ಗಿಡಗಳನ್ನು ಬೆಳೆಸಿಕೊಳ್ಳುವುದು ಕಾನೂನುಬದ್ಧ. ಸುತ್ತೋಲೆಯ ಸುದ್ದಿ ಕೇಳಿ ಅವನು ನಕ್ಕು, "ಮಾಮಾ, ನಿಮ್ಮ ಸೊಸೈಟಿಯವರು ಮಾಡಿದ ನಿಯಮವನ್ನು ಇಲ್ಲಿನ ಪಾರ್ಲಿಮೆಂಟಿನವರು ಮಾಡಲು ಹೋಗಿ ಕೈಬಿಟ್ಟರು" ಎಂದ. ಅವನು ಹೇಳಿದ್ದು ನಿಜ. ಅಲ್ಲಿನ ಮಸೂದೆಯಲ್ಲಿ ಗಿಡ 100 ಸೆಂಟಿಮೀಟರ್ ಮೀರಬಾರದೆಂಬ ಮಿತಿ ಮೊದಲು ಇತ್ತು. 2017ರಲ್ಲಿ ಸಂಸತ್ತಿನ ಸಮಿತಿಯ ಹಂತದಲ್ಲೇ ಅದನ್ನು ತೆಗೆದುಹಾಕಲಾಯಿತು. ಯಾರ ಹಿತ್ತಲಿನಲ್ಲಿ ಯಾವ ಗಿಡ 99 ಸೆಂಟಿಮೀಟರ್, ಯಾವುದು 101 ಎಂದು ಅಳತೆಪಟ್ಟಿ ಹಿಡಿದು ತಿರುಗುವವರು ಯಾರು? ಸಂಖ್ಯೆಗೆ ಮಿತಿಯಿದ್ದು ಎತ್ತರಕ್ಕೆ ಇಲ್ಲದಿರುವುದರಿಂದ ಅಲ್ಲಿನವರು ಇರುವ ನಾಲ್ಕನ್ನೇ ದೊಡ್ಡದಾಗಿ ಬೆಳೆಸುತ್ತಾರೆ. ಶರತ್ಕಾಲದ ಮಳೆಯಲ್ಲಿ ನೆನೆದ ಹೂಗೊಂಚಲುಗಳ ಭಾರಕ್ಕೆ ಕೊಂಬೆ ಸೀಳುವುದೂ, ಗಾಳಿಗೆ ಬಟ್ಟೆಯ ಚೀಲದ ಕುಂಡ ಮಗುಚುವುದೂ ಅವನ ನೆರೆಹೊರೆಯಲ್ಲಿ ಸಾಮಾನ್ಯವಂತೆ. ತಂತಿಯ ಪಂಜರ, ಬಿದಿರು ಕೋಲು, ಅಡ್ಡಲಾಗಿ ಬಿಗಿದ ಬಲೆ ಇವೇ ಅವರ ಉಪಾಯಗಳು. ಟೊಮ್ಯಾಟೊ ಬೆಳೆಯುವವನ ಉಪಾಯಗಳೂ ಇವೇ. ಗಾಳಿಗೆ ಗಿಡದ ಜಾತಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಲೆಯ ಹರವು, ಎತ್ತರ ಮತ್ತು ಬುಡದ ಭಾರ.

ಈ ಮೂರನ್ನು ಲೆಕ್ಕ ಹಾಕಿ ನೋಡಬಹುದು. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕ 875ರ ಮೂರನೆಯ ಭಾಗವನ್ನು ವೃತ್ತಿಜೀವನದುದ್ದಕ್ಕೂ ಮೇಜಿನ ಮೇಲಿಟ್ಟುಕೊಂಡವನು ನಾನು. ಅದರಲ್ಲಿ ಮುಂಬಯಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 44 ಮೀಟರ್. ಪುಣೆಗೆ 39, ಬೆಂಗಳೂರಿಗೆ 33. ಇವು ಕಟ್ಟಡವೊಂದು ತನ್ನ ಆಯುಷ್ಯದಲ್ಲಿ ಎದುರಿಸಬೇಕಾಗಬಹುದಾದ ಬಿರುಗಾಳಿಯ ಅಂಕಿಗಳು. ಕುಂಡದ ಗಿಡಕ್ಕೆ ಅಷ್ಟೆಲ್ಲ ಬೇಡ. ಮಳೆಗಾಲದಲ್ಲಿ ಆಗಾಗ ಬರುವ, ಗಂಟೆಗೆ 50 ಕಿಲೋಮೀಟರ್ ವೇಗದ ಒಂದು ಬೀಸು ಸಾಕು. ಆ ವೇಗದಲ್ಲಿ ಒಂದು ಚದರ ಮೀಟರ್ ಹಲಗೆಯ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆ. ಅಷ್ಟೇ ಹರವಿನ ಗಿಡಕ್ಕಾದರೆ, ಎಲೆಗಳ ನಡುವೆ ಗಾಳಿ ನುಸುಳುವುದರಿಂದ ಅರ್ಧ ಹಿಡಿಯೋಣ, 6 ಕಿಲೋ. ಗಿಡದ ತಲೆಭಾಗದ ನಡುಮಧ್ಯ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ, ಕುಂಡವನ್ನು ಮಗುಚಲು ಗಾಳಿ ಹಾಕುವ ಮೀಟುಬಲ, ಅಂದರೆ ಒತ್ತಡವನ್ನು ಎತ್ತರದಿಂದ ಗುಣಿಸಿದ್ದು, 7.2. ಇನ್ನು ಕುಂಡದ ಕಡೆಯಿಂದ: ಮಣ್ಣು ಸೇರಿ 20 ಕಿಲೋ ತೂಗುವ, ತಳದ ಅಗಲ 30 ಸೆಂಟಿಮೀಟರ್ ಇರುವ ಕುಂಡವು ಅಂಚಿನ ಮೇಲೆ ಏಳದಂತೆ ತಡೆಯುವ ಬಲ 20ನ್ನು ತಳದ ಅರ್ಧ ಅಗಲವಾದ 0.15 ಮೀಟರಿನಿಂದ ಗುಣಿಸಿದಷ್ಟು, ಅಂದರೆ ಬರೀ 3. ಕುಂಡ ಬೀಳಲೇಬೇಕು. ಎದೆಯೆತ್ತರದಲ್ಲಿ ಎರಡೂವರೆ ಕಿಲೋ ಬಲದಿಂದ ನೂಕಿದರೆ ಮಗುವೂ ಅದನ್ನು ಕೆಡವಬಹುದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 50 ಕಿಲೋಮೀಟರ್ 70 ಆದರೆ ಒತ್ತಡ ಇಮ್ಮಡಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಎತ್ತರವೇ ಅಪರಾಧಿಯಲ್ಲವೇ ಎಂದು ತಮ್ಮ ಓದುಗರು ಕೇಳಬಹುದು. ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಲಿ. ಮೂರು ಕುಂಡಗಳನ್ನು ನಡುನಡುವೆ ಸುಮಾರು 15 ಸೆಂಟಿಮೀಟರ್ ತೆರಪು ಬಿಟ್ಟು ತ್ರಿಕೋನವಾಗಿಟ್ಟು, ಬುಡದಲ್ಲೂ ಕಂಠದಲ್ಲೂ ಅಡ್ಡಕೋಲುಗಳಿಂದ ಬಿಗಿದು ಒಂದೇ ಕಟ್ಟಾಗಿಸಿದರೆ, ಒಟ್ಟು ಭಾರ 60 ಕಿಲೋ ಆಗುವುದಲ್ಲದೆ ತಳವೂ ಅಗಲವಾಗಿ, ಮಗುಚದಂತೆ ಹಿಡಿಯುವ ಬಲ ಸುಮಾರು 17ಕ್ಕೆ ಏರುತ್ತದೆ. ಬಿಡಿಯಾಗಿ ನಿಂತ ಮೂರು ಕುಂಡಗಳ ಬಲ ಒಟ್ಟಿಗೆ 9 ಮಾತ್ರ. ಕುಡಿ ಚಿವುಟಿ, ಗಿಡವನ್ನು ಕವಲೊಡೆಯಲು ಬಿಟ್ಟು, ತಲೆಯ ನಡುಮಧ್ಯವನ್ನು 0.8 ಮೀಟರಿಗೆ ಇಳಿಸಿಕೊಂಡರೆ ಮೂರೂ ಗಿಡಗಳ ಮೇಲೆ ಗಾಳಿ ಹಾಕುವ ಮೀಟುಬಲ 14.4ಕ್ಕೆ ಇಳಿಯುತ್ತದೆ. ಕಟ್ಟು ನಿಲ್ಲುತ್ತದೆ. ಬೀಜಕ್ಕೆ ಬಿಟ್ಟ ಉದ್ದನೆಯ ಗಿಡವಾದರೆ ಗೋಡೆಯ ಒಳಮೈಯಲ್ಲಿ ಕೂರಿಸಿದ ಎರಡು ಕೊಂಡಿಗಳಿಗೆ ಹಗ್ಗ ಎಳೆದು ಕಟ್ಟಲೇಬೇಕು. ಇದರ ಬದಲು, ಸುತ್ತೋಲೆಯ ಪ್ರಕಾರ ಮೂರು ಅಡಿಯೊಳಗೇ ಇರುವ, ಆದರೆ ಬರೀ ತೆಂಗಿನ ನಾರಿನ ಪುಡಿ ತುಂಬಿದ, ಮೇ ತಿಂಗಳ ಬಿಸಿಲಿಗೆ ಒಣಗಿ ಹಗುರಾದ ಪ್ಲಾಸ್ಟಿಕ್ ಕುಂಡವೊಂದು ಒಂಟಿಯಾಗಿ ನಿಂತಿದ್ದರೆ ಮೊದಲ ಬೀಸಿಗೇ ಉರುಳುತ್ತದೆ. ನಿಯಮ ಅದನ್ನು ಕೇಳುವುದೇ ಇಲ್ಲ.

ಕುಂಡ ಮಗುಚುವುದು ಬೇರೆ, ಕುಂಡದೊಳಗೆ ಗಿಡ ವಾಲುವುದು ಬೇರೆ, ಕಾಂಡ ಮುರಿಯುವುದು ಬೇರೆ. ಬಹುಮಂದಿ ಕುಂಡದ ಮಣ್ಣಿಗೆ ಒಂದು ಕೋಲು ಚುಚ್ಚಿ, ಅದಕ್ಕೆ ಗಿಡವನ್ನು ಬಿಗಿದು, ಮೂರಕ್ಕೂ ಪರಿಹಾರವಾಯಿತೆಂದು ಕೈತೊಳೆದುಕೊಳ್ಳುತ್ತಾರೆ. ಒಂದಡಿ ಆಳದ ಸಡಿಲ ಮಣ್ಣಿನಲ್ಲಿ ನಿಂತ ಐದಡಿ ಕೋಲು ಜುಲೈಯ ಜಡಿಮಳೆಗೆ ಮಣ್ಣು ಕೆಸರಾದೊಡನೆ ಗಿಡದ ಜೊತೆಗೇ ವಾಲುತ್ತದೆ, ಆಸರೆಯಾಗಬೇಕಾದದ್ದು ಹೊರೆಯಾಗುತ್ತದೆ. ನಾನು ಕಂಡುಕೊಂಡಂತೆ ಕೋಲುಗಳು ಕುಂಡದ ಒಳಗಿರುವುದಕ್ಕಿಂತ ಹೊರಗಿರುವುದು ಮೇಲು. ಮೂರು ಬಿದಿರು ಗಳಗಳನ್ನು ಕುಂಡದ ಹೊರಮೈಗೆ ಒತ್ತಿ, ಕಾಲುಗಳು ತಾರಸಿಯ ನೆಲಕ್ಕೆ ತಾಗುವಂತೆ ತುಸು ಹೊರಚಾಚಿ ನಿಲ್ಲಿಸಿ, ಕುಂಡದ ಕಂಠಕ್ಕೂ ಹೊಟ್ಟೆಗೂ ಎರಡು ಸುತ್ತು ಹಗ್ಗ ಬಿಗಿದು, ತುದಿಗಳನ್ನು ಮೇಲೆ ಕೂಡಿಸಿ ಕಟ್ಟಿದರೆ ಭಾರವೆಲ್ಲ ನೆಲಕ್ಕೆ ಇಳಿಯುತ್ತದೆ. ಬೇರಿಗೂ ಪೆಟ್ಟಿಲ್ಲ. ಒಳಗೇ ಊರಬೇಕೆಂದಿದ್ದರೆ ಸಸಿ ನೆಡುವ ದಿನವೇ ಊರಬೇಕು. ಬೆಳೆದ ಮೇಲೆ ಊರಿದ ಕೋಲು ಬೇರನ್ನು ಸೀಳಿಕೊಂಡೇ ಇಳಿಯುತ್ತದೆ. ಬಟ್ಟೆಯ ಗ್ರೋ ಬ್ಯಾಗುಗಳಿಗಂತೂ ಹೊರಗಿನ ಚೌಕಟ್ಟಿಲ್ಲದೆ ಗತಿಯಿಲ್ಲ, ಏಕೆಂದರೆ ಅವಕ್ಕೆ ತಮ್ಮದೇ ಆದ ಬಿಗಿತವಿಲ್ಲ.

ಕಟ್ಟುವ ಕ್ರಮದಲ್ಲೂ ಒಂದು ಹದವಿದೆ. ನೈಲಾನ್ ಸುತಳಿಯಿಂದ ಕಾಂಡವನ್ನು ಕೋಲಿಗೆ ಬಿಗಿದರೆ ಹದಿನೈದು ದಿನಗಳಲ್ಲಿ ಅದು ಸಿಪ್ಪೆಯೊಳಗೆ ಕೊರೆದುಕೊಂಡು, ಕಟ್ಟಿದ ಜಾಗದಲ್ಲೇ ಗಿಡ ಮುರಿಯುತ್ತದೆ. ಹಳೆಯ ಧೋತರದ ಅಂಚಿನ ಪಟ್ಟಿಯನ್ನು ಕನ್ನಡದ ಎಂಟರ ಅಂಕಿಯಂತಲ್ಲ, ಇಂಗ್ಲಿಷಿನ ಎಂಟರಂತೆ ಹೊಸೆದು, ಒಂದು ಕುಣಿಕೆ ಕೋಲಿಗೆ, ಇನ್ನೊಂದು ಸಡಿಲವಾಗಿ ಕಾಂಡಕ್ಕೆ ಬರುವಂತೆ ಹಾಕಬೇಕು. ಗಿಡ ತುಸು ತೂಗಾಡಲಿ. ತೂಗಾಡಿದ ಕಾಂಡವೇ ದಪ್ಪವಾಗುತ್ತದೆ, ಗಿಡ್ಡವಾಗುತ್ತದೆ, ಗಟ್ಟಿಯಾಗುತ್ತದೆ. ಅಲುಗಾಡದಂತೆ ಬಿಗಿದು ಬೆಳೆಸಿದ ಗಿಡ ಕಟ್ಟು ಬಿಚ್ಚಿದ ದಿನ ತನ್ನ ತಲೆಯನ್ನು ತಾನೇ ಹೊರಲಾರದು. ಗಿಡದೆತ್ತರದ ಮೂರರಲ್ಲಿ ಎರಡು ಪಾಲಿನ ಮಟ್ಟದಲ್ಲಿ ಒಂದು ಕಟ್ಟು ಸಾಮಾನ್ಯವಾಗಿ ಸಾಕು. ಹಣ್ಣಿನ ಭಾರವಿರುವ ಟೊಮ್ಯಾಟೊಗೆ ಇನ್ನೊಂದೆರಡು ಬೇಕಾದೀತು. ಕಳೆದ ವರ್ಷದ ಪುಂಡಿಯ ತೊಗಟೆಯನ್ನು ನೀರಿನಲ್ಲಿ ನೆನೆಹಾಕಿ ಸುಲಿದ ನಾರಿನಿಂದಲೇ ನಾನು ಈ ವರ್ಷದ ಟೊಮ್ಯಾಟೊ ಕಟ್ಟಿದ್ದೇನೆ. ನಮ್ಮೂರಿನಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದುದೂ ಈ ನಾರಿನಿಂದಲೇ. ನೆನೆಹಾಕಿದ ಬಕೆಟ್ಟಿನ ವಾಸನೆಯ ಬಗ್ಗೆ ಮನೆಯಲ್ಲಿ ಬೇರೆ ಅಭಿಪ್ರಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹೊಲದಲ್ಲಿ ಇದೇ ಪುಂಡಿಗೆ ಯಾರೂ ಕೋಲು ಕೊಡುವುದಿಲ್ಲ. ನಾರಿಗೆಂದು ಒತ್ತಾಗಿ ಬಿತ್ತಿದಾಗ ಒಂದು ಗಿಡ ಇನ್ನೊಂದಕ್ಕೆ ಒರಗಿ, ಹೊರಸಾಲಿನವು ಗಾಳಿಯನ್ನು ಮುರಿದು, ಒಳಸಾಲಿನವು ನೆಟ್ಟಗೆ ಬೆಳೆಯುತ್ತವೆ. ಗೊನೆ ಹೊತ್ತ ಬಾಳೆಗೆ ಎರಡು ಕವಲುಗೋಲುಗಳನ್ನು ಕತ್ತರಿಯಂತೆ ಕೊಡುವ, ಕಬ್ಬು ಬೀಳದಂತೆ ಅದರದೇ ಎಲೆಗಳಿಂದ ನಾಲ್ಕಾರು ಜಲ್ಲೆಗಳನ್ನು ಕೂಡಿಸಿ ಕಟ್ಟುವ ಒಕ್ಕಲಿಗನಿಗೆ ಬೆಳೆಯನ್ನು ಮೂರಡಿಗೇ ನಿಲ್ಲಿಸಬೇಕೆಂಬ ಯೋಚನೆ ಎಂದೂ ಬಂದಿಲ್ಲ. ಕುಂಡದಲ್ಲಿ ನಾವು ಮಾಡಿದ್ದು ಗಿಡವನ್ನು ಅದರ ಸಾಲಿನಿಂದ ಬೇರ್ಪಡಿಸಿ ಒಂಟಿ ಮಾಡಿದ್ದು. ಆದ್ದರಿಂದಲೇ ಕುಂಡಗಳನ್ನು ಗುಂಪಾಗಿಸಿ ಕಟ್ಟುವುದೆಂದರೆ ಹೊಲವನ್ನು ಅಷ್ಟಿಷ್ಟು ಮರಳಿ ತಂದಂತೆ.

ಜಾಗದ ಆಯ್ಕೆಯೂ ಮುಖ್ಯ. ನಮ್ಮಲ್ಲಿ ಮಳೆಗಾಲದ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬರುವುದರಿಂದ, ಆ ಬದಿಯ ಪ್ಯಾರಾಪೆಟ್ಟಿನ ಒಳಮೈಗೆ ಹತ್ತಿಸಿ ನೆಲದ ಮೇಲಿಟ್ಟ ಕುಂಡಕ್ಕೆ ಗೋಡೆಯೆತ್ತರದವರೆಗೆ ರಕ್ಷಣೆ ಸಿಗುತ್ತದೆ. ಉರುಳಿ ಬೀಳುವ ದಿಕ್ಕೂ ಆಗ ರಸ್ತೆಯ ಕಡೆಗಲ್ಲ, ತಾರಸಿಯ ಒಳಗೆ. ಆದರೆ ಮುಂಗಾರಿಗೆ ಮೊದಲಿನ ಗುಡುಗುಗಾಳಿ, ಅಕ್ಟೋಬರಿನ ಸಂಜೆಯ ಗಾಳಿ ಪೂರ್ವದಿಂದಲೂ ನುಗ್ಗುತ್ತವೆ. ಹಾಗಾಗಿ ಒಂದೇ ದಿಕ್ಕನ್ನು ನಂಬಿ ಹಗ್ಗ ಕಟ್ಟುವಂತಿಲ್ಲ. ನೀರಿನ ಕೊಳವೆ, ಡಿಶ್ ಆಂಟೆನಾದ ಕಂಬ, ಕೇಬಲ್ಲುಗಳಿಗೆ ಗಿಡ ಕಟ್ಟುವವರನ್ನು ಸಮಿತಿಗಳು ದಂಡಿಸಿದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಇನ್ನು ಚಂಡಮಾರುತದ ದಿನ ಯಾವ ಕೋಲಿನ ಜಂಬವೂ ನಡೆಯದು. 2021ರ ಮೇ 17ರಂದು ತೌಕ್ತೆ ಮುಂಬಯಿಯ ಪಕ್ಕದಿಂದ ಹಾದುಹೋದಾಗ ಗಾಳಿ ಗಂಟೆಗೆ ನೂರು ಕಿಲೋಮೀಟರನ್ನು ಮೀರಿತ್ತು. ಹಿಂದಿನ ರಾತ್ರಿಯೇ ನಾನು ನನ್ನ ಕುಂಡಗಳನ್ನೆಲ್ಲ ಗೋಡೆಯ ಬುಡದಲ್ಲಿ ಅಡ್ಡ ಮಲಗಿಸಿದ್ದೆ. ಬದನೆಯ ಎರಡು ಕೊಂಬೆ ಮುರಿದವು, ಅಷ್ಟೇ.

ಆದಕಾರಣ ಸೊಸೈಟಿಗಳ ಮುಂದೆ ನನ್ನ ಸಲಹೆ ಇಷ್ಟು. ಅಳತೆಪಟ್ಟಿಯ ಬದಲು ರದ್ದಿಯವನ ಕೊಕ್ಕೆ ತಕ್ಕಡಿಯನ್ನು ಹಿಡಿದು ತಾರಸಿಗೆ ಬನ್ನಿ. ಗಿಡದ ತಲೆಭಾಗದ ನಡುವಿನಲ್ಲಿ, ಆಸರೆಯ ಕೋಲಿಗೆ ಕೊಕ್ಕೆ ಸಿಕ್ಕಿಸಿ ಅಡ್ಡಲಾಗಿ ಎಳೆಯಿರಿ. ಪ್ರತಿ ಗಿಡಕ್ಕೆ ಆರು ಕಿಲೋದಂತೆ, ಮೂರರ ಕಟ್ಟಾದರೆ ಹದಿನೆಂಟು ಕಿಲೋ ತೋರಿಸುವವರೆಗೂ ಕುಂಡದ ಅಂಚು ನೆಲ ಬಿಡದಿದ್ದರೆ ಅದು ಇರಲಿ, ಬಿಟ್ಟರೆ ಹೋಗಲಿ ಅಥವಾ ಮಾಲೀಕರು ಸರಿಪಡಿಸಲಿ. ಎಲೆಯ ಹರವು ಹೆಚ್ಚಿದ್ದಲ್ಲಿ ಈ ಅಂಕಿಯನ್ನು ಏರಿಸಲು ಸಮಿತಿಗೆ ಅಧಿಕಾರವಿರಲಿ. ಮೂರು ಅಡಿಯ ಗಿಡಕ್ಕೂ ಏಳು ಅಡಿಯ ಗಿಡಕ್ಕೂ ಒಂದೇ ಪರೀಕ್ಷೆ. ವಶೀಲಿಗೆ, ವಾಟ್ಸಾಪ್ ಗುಂಪಿನ ಸಿಟ್ಟಿಗೆ ಇದರಲ್ಲಿ ಅವಕಾಶವಿಲ್ಲ.

ನಮ್ಮ ಸೊಸೈಟಿಯ ಸಭೆ ಮೇ ತಿಂಗಳ ಕೊನೆಯ ಭಾನುವಾರ ನಡೆಯಲಿದೆ. ಅಂದು ಮೂರು ಕುಂಡಗಳ ಒಂದು ಕಟ್ಟನ್ನು ತಾರಸಿಯ ನಡುವೆ, ಗೋಡೆಯ ಆಸರೆಯಿಲ್ಲದೆ, ನಿಲ್ಲಿಸಿರುತ್ತೇನೆ. ತಕ್ಕಡಿಯನ್ನು ಕೆಳಗಿನ ಅಂಗಡಿಯಿಂದ ಕೇಳಿ ಇಟ್ಟಾಗಿದೆ. ತಮ್ಮ ಓದುಗರು ಮುಲುಂಡಿನ ಕಡೆಯವರಾಗಿದ್ದರೆ ಅವರೂ ಬಂದು ಎಳೆದು ನೋಡಲಿ.

ತಮ್ಮ ವಿಶ್ವಾಸಿ,
ಹಳೆಯ ಓದುಗ
ಮುಲುಂಡ್ ಪೂರ್ವ, ಮುಂಬಯಿ